ಫ್ರೆಡ್ರಿಕ್ ಮ್ಯಾಕ್ಸ್ ಮುಲ್ಲರ್

ಫ್ರೆಡ್ರಿಕ್ ಮ್ಯಾಕ್ಸ್ ಮುಲ್ಲರ್ (ಡಿಸೆಂಬರ್ 6, 1823 – ಅಕ್ಟೋಬರ್ 28, 1900) ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಸಂಸ್ಕೃತ ವಿದ್ವಾಂಸರು, ಭಾಷಾಶಾಸ್ತ್ರಜ್ಞರು ಮತ್ತು ಧರ್ಮಗಳ ತೌಲನಿಕ ಅಧ್ಯಯನದ ಪ್ರವರ್ತಕರಲ್ಲಿ ಒಬ್ಬರು. ಸಾಯಣಾಚಾರ್ಯರ ಭಾಷ್ಯದೊಂದಿಗೆ ಸಂಪೂರ್ಣ ಋಗ್ವೇದವನ್ನು ಮೊದಲ ಬಾರಿಗೆ ಮುದ್ರಣಕ್ಕೆ ತಂದವರು ಇವರು. ಏಷ್ಯಾದ ಪ್ರಮುಖ ಧರ್ಮಗಳ ಮೂಲಗ್ರಂಥಗಳನ್ನು ಇಂಗ್ಲಿಷಿಗೆ ತಂದ ಐವತ್ತು ಸಂಪುಟಗಳ 'ಸೇಕ್ರೆಡ್ ಬುಕ್ಸ್ ಆಫ್ ದಿ ಈಸ್ಟ್' (ಪೂರ್ವದೇಶಗಳ ಪವಿತ್ರ ಗ್ರಂಥಗಳು) ಮಾಲೆಯ ಪ್ರಧಾನ ಸಂಪಾದಕರೂ ಆಗಿದ್ದರು. ಭಾಷೆಗಳನ್ನು ಒಂದರೊಡನೊಂದು ಹೋಲಿಸಿ ಅಧ್ಯಯನ ಮಾಡುವಂತೆ ಧರ್ಮಗಳನ್ನೂ ಅಧ್ಯಯನ ಮಾಡಬಹುದು, ಅಧ್ಯಯನ ಮಾಡುವವನ ಸ್ವಂತ ಧರ್ಮವೂ ಈ ಹೋಲಿಕೆಗೆ ಒಳಪಡಬೇಕು ಎಂಬುದು ಅವರ ಮುಖ್ಯ ಪ್ರತಿಪಾದನೆಯಾಗಿತ್ತು. ಈ ನಿಲುವಿನಿಂದಾಗಿ ಅವರು ತಮ್ಮ ಕಾಲದ ಕ್ರೈಸ್ತ ಸಂಪ್ರದಾಯವಾದಿಗಳ ವಿರೋಧವನ್ನು ಎದುರಿಸಿದರು. ಆ ನಿಲುವಿಗೆ ಅವರೇ ಎಷ್ಟರಮಟ್ಟಿಗೆ ಬದ್ಧರಾಗಿದ್ದರು ಎಂಬ ಪ್ರಶ್ನೆಯನ್ನು ಮುಂದಿನ ವಿದ್ವಾಂಸರು ಎತ್ತಿದ್ದಾರೆ.

ಜನನ ಮತ್ತು ಬಾಲ್ಯ

ಮುಲ್ಲರ್ ಅವರು 1823ರ ಡಿಸೆಂಬರ್ 6ರಂದು ಜರ್ಮನಿಯ ಸಣ್ಣ ಸಂಸ್ಥಾನವಾಗಿದ್ದ ಆನ್‌ಹಾಲ್ಟ್-ಡೆಸೌನ ರಾಜಧಾನಿ ಡೆಸೌನಲ್ಲಿ ಜನಿಸಿದರು. ತಂದೆ ವಿಲ್‌ಹೆಲ್ಮ್ ಮುಲ್ಲರ್ ಪ್ರಸಿದ್ಧ ಭಾವಗೀತಕಾರರಾಗಿದ್ದರು. ಅವರ ಎರಡು ಕವಿತಾಗುಚ್ಛಗಳಿಗೆ ಸಂಗೀತಗಾರ ಫ್ರಾಂಜ್ ಶೂಬರ್ಟ್ ರಾಗ ಸಂಯೋಜಿಸಿದ್ದಾರೆ. ತಾಯಿ ಅಡೆಲ್‌ಹೈಡ್ ಸಂಸ್ಥಾನದ ಪ್ರಧಾನಮಂತ್ರಿಯ ಮಗಳು. ಸಂಗೀತ ಸಂಯೋಜಕ ಕಾರ್ಲ್ ಮರಿಯಾ ಫಾನ್ ವೇಬರ್ ಮಗುವಿನ ಧರ್ಮಪಿತರಾಗಿದ್ದರು. 'ಮ್ಯಾಕ್ಸ್' ಎಂಬ ಹೆಸರು ವೇಬರ್ ಅವರ ಗೀತನಾಟಕವೊಂದರ ಪಾತ್ರದಿಂದ ಬಂದದ್ದು.

1827ರಲ್ಲಿ ತಂದೆ ತೀರಿಕೊಂಡಾಗ ಮುಲ್ಲರ್ ಅವರಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಕುಟುಂಬವು ಅಲ್ಪ ಆದಾಯದಲ್ಲಿ ಬದುಕಬೇಕಾಯಿತು. ಹನ್ನೆರಡರ ವಯಸ್ಸಿನಲ್ಲಿ ಅವರನ್ನು ಲೈಪ್‌ಜಿಗ್ ನಗರದ ನಿಕೊಲಾಯ್ ಶಾಲೆಗೆ ಕಳುಹಿಸಲಾಯಿತು. ಸಂಗೀತದಲ್ಲಿ ಅವರಿಗೆ ಒಳ್ಳೆಯ ಪರಿಶ್ರಮವಿತ್ತು. ಅದನ್ನೇ ವೃತ್ತಿಯಾಗಿಸಿಕೊಳ್ಳುವ ಯೋಚನೆಯೂ ಇತ್ತು. ಆದರೆ ಕುಟುಂಬಕ್ಕೆ ಪರಿಚಿತರಾಗಿದ್ದ ಸಂಗೀತಗಾರ ಫೆಲಿಕ್ಸ್ ಮೆಂಡೆಲ್ಸನ್ ಆ ದಾರಿ ಬೇಡವೆಂದು ಸಲಹೆ ನೀಡಿದರು.

ವಿದ್ಯಾಭ್ಯಾಸ

1841ರಲ್ಲಿ ವಿದ್ಯಾರ್ಥಿವೇತನ ಪಡೆದು ಲೈಪ್‌ಜಿಗ್ ವಿಶ್ವವಿದ್ಯಾಲಯವನ್ನು ಸೇರಿದ ಮುಲ್ಲರ್ ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ಅಲ್ಲಿಯೇ ಹರ್ಮನ್ ಬ್ರಾಕ್‌ಹೌಸ್ ಅವರಲ್ಲಿ ಸಂಸ್ಕೃತ ಕಲಿತರು. 1843ರಲ್ಲಿ ದಾರ್ಶನಿಕ ಸ್ಪಿನೋಜಾರ ನೀತಿಶಾಸ್ತ್ರವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪದವಿ ಪಡೆದಾಗ ಅವರಿಗೆ ಹತ್ತೊಂಬತ್ತು ವರ್ಷ. ಮರುವರ್ಷ ಸಂಸ್ಕೃತದ 'ಹಿತೋಪದೇಶ'ದ ಜರ್ಮನ್ ಅನುವಾದವನ್ನು ಪ್ರಕಟಿಸಿದರು. ಇದು ಅವರ ಮೊದಲ ಪುಸ್ತಕ.

1844ರಲ್ಲಿ ಬರ್ಲಿನ್‌ಗೆ ಹೋಗಿ, ತೌಲನಿಕ ವ್ಯಾಕರಣದ ಸ್ಥಾಪಕರಲ್ಲಿ ಒಬ್ಬರಾದ ಫ್ರಾಂಜ್ ಬಾಪ್ ಮತ್ತು ದಾರ್ಶನಿಕ ಶೆಲ್ಲಿಂಗ್ ಅವರ ಬಳಿ ಓದಿದರು. ಶೆಲ್ಲಿಂಗ್ ಅವರಿಗಾಗಿ ಉಪನಿಷತ್ತಿನ ಕೆಲವು ಭಾಗಗಳನ್ನು ಅನುವಾದಿಸಿಕೊಟ್ಟರು. ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದವು ಎಂಬುದನ್ನು ಬಾಪ್ ಅವರ ವಿಧಾನವು ತೋರಿಸಿಕೊಟ್ಟಿತ್ತು. ಧರ್ಮದ ಇತಿಹಾಸವು ಮಾನವ ಚಿಂತನೆಯ ಇತಿಹಾಸದ ಭಾಗವೆಂಬ ದೃಷ್ಟಿ ಶೆಲ್ಲಿಂಗ್ ಅವರಿಂದ ದೊರೆಯಿತು. ಮುಲ್ಲರ್ ಅವರ ಮುಂದಿನ ಕೆಲಸವೆಲ್ಲ ಈ ಎರಡೂ ಧಾರೆಗಳು ಕೂಡಿದ ಫಲವಾಗಿದೆ.

ಪ್ಯಾರಿಸ್ ಮತ್ತು ಲಂಡನ್

1845ರಲ್ಲಿ ಮುಲ್ಲರ್ ಪ್ಯಾರಿಸ್‌ಗೆ ತೆರಳಿದರು. ಅಲ್ಲಿ ಸಂಸ್ಕೃತ ಮತ್ತು ಬೌದ್ಧ ಸಾಹಿತ್ಯದ ವಿದ್ವಾಂಸರಾದ ಯೂಜೀನ್ ಬರ್ನೂಫ್ ಅವರ ತರಗತಿಗಳಿಗೆ ಹಾಜರಾದರು. ಆಗ ಯುರೋಪಿನಲ್ಲಿ ಋಗ್ವೇದದ ಬಗ್ಗೆ ಮಾತು ಬಹಳವಿದ್ದರೂ ಮುದ್ರಿತ ಪಠ್ಯ ಬಹುತೇಕ ಇರಲಿಲ್ಲ. ಫ್ರೆಡ್ರಿಕ್ ರೋಜೆನ್ ಎಂಬ ವಿದ್ವಾಂಸರು ಆರಂಭಿಸಿದ್ದ ಆವೃತ್ತಿಯು ಅವರ ಅಕಾಲ ಮರಣದಿಂದ ಮೊದಲ ಅಷ್ಟಕಕ್ಕೇ ನಿಂತಿತ್ತು. ಇಡೀ ಋಗ್ವೇದವನ್ನು ಸಾಯಣಭಾಷ್ಯ ಸಮೇತ ಸಂಪಾದಿಸುವಂತೆ ಬರ್ನೂಫ್ ತಮ್ಮ ಶಿಷ್ಯನನ್ನು ಪ್ರೇರೇಪಿಸಿದರು. ಮುಲ್ಲರ್ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಗಳನ್ನು ಕೈಯಿಂದ ನಕಲು ಮಾಡಿಕೊಳ್ಳಲು ತೊಡಗಿದರು. ಜೀವನೋಪಾಯಕ್ಕಾಗಿ ಬೇರೆ ವಿದ್ವಾಂಸರಿಗೂ ಹಸ್ತಪ್ರತಿಗಳನ್ನು ನಕಲು ಮಾಡಿಕೊಡುತ್ತಿದ್ದರು. ಬಂಗಾಳದ ಉದ್ಯಮಿ ದ್ವಾರಕಾನಾಥ ಠಾಕೂರರ ಪರಿಚಯವೂ ಇದೇ ಕಾಲದಲ್ಲಿ ಆಯಿತು.

ಉಳಿದ ಹಸ್ತಪ್ರತಿಗಳು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಂಗ್ರಹದಲ್ಲಿದ್ದವು. 1846ರಲ್ಲಿ ಕೆಲವು ವಾರಗಳ ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದ ಮುಲ್ಲರ್ ಅಲ್ಲಿಯೇ ನೆಲೆ ನಿಂತರು. ಪ್ರಷ್ಯಾದ ರಾಯಭಾರಿ ಬುನ್ಸೆನ್ ಮತ್ತು ಆಕ್ಸ್‌ಫರ್ಡಿನ ಸಂಸ್ಕೃತ ಪ್ರಾಧ್ಯಾಪಕ ಹೋರೇಸ್ ಹೇಮನ್ ವಿಲ್ಸನ್ ಅವರ ಬೆಂಬಲದಿಂದ 1847ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಮುದ್ರಣದ ವೆಚ್ಚವನ್ನು ಭರಿಸಲು ಒಪ್ಪಿತು. ಮುದ್ರಣವು ಆಕ್ಸ್‌ಫರ್ಡಿನ ವಿಶ್ವವಿದ್ಯಾಲಯ ಮುದ್ರಣಾಲಯದಲ್ಲಿ ನಡೆಯಬೇಕಾಗಿದ್ದುದರಿಂದ ಅವರು 1848ರಲ್ಲಿ ಆಕ್ಸ್‌ಫರ್ಡಿಗೆ ವಾಸ ಬದಲಿಸಿದರು.

ಋಗ್ವೇದ ಸಂಪಾದನೆ

ಋಗ್ವೇದದ ಮೊದಲ ಸಂಪುಟ 1849ರಲ್ಲಿ, ಆರನೆಯ ಹಾಗೂ ಕೊನೆಯ ಸಂಪುಟ 1874ರಲ್ಲಿ ಹೊರಬಂದವು. ನಡುವೆ ಇಪ್ಪತ್ತೈದು ವರ್ಷಗಳು ಸಂದಿದ್ದವು. 1858ರಲ್ಲಿ ಕಂಪನಿಯ ಆಡಳಿತವು ಕೊನೆಗೊಂಡಾಗ ವೆಚ್ಚದ ಹೊಣೆಯನ್ನು ಬ್ರಿಟಿಷ್ ಸರ್ಕಾರದ ಭಾರತ ಇಲಾಖೆ ಮುಂದುವರಿಸಿತು. ಈ ಆವೃತ್ತಿಯಲ್ಲಿ ಮುಲ್ಲರ್ ತಮ್ಮ ಹೆಸರನ್ನು 'ಮೋಕ್ಷಮೂಲರ' ಎಂದು ಸಂಸ್ಕೃತೀಕರಿಸಿಕೊಂಡರು.

ಸಾಯಣಾಚಾರ್ಯರು 14ನೆಯ ಶತಮಾನದಲ್ಲಿ ವಿಜಯನಗರದ ಅರಸರಾದ ಒಂದನೆಯ ಬುಕ್ಕ ಮತ್ತು ಎರಡನೆಯ ಹರಿಹರನ ಆಶ್ರಯದಲ್ಲಿ ಮಂತ್ರಿಗಳಾಗಿದ್ದು, ವಿದ್ವಾಂಸರ ನೆರವಿನಿಂದ ವೇದಗಳಿಗೆ ಭಾಷ್ಯ ರಚಿಸಿದವರು. ಹಂಪಿಯ ರಾಜಾಶ್ರಯದಲ್ಲಿ ಸಿದ್ಧವಾದ ಈ ಭಾಷ್ಯವು ಸುಮಾರು ಐದು ಶತಮಾನಗಳ ಬಳಿಕ ಆಕ್ಸ್‌ಫರ್ಡಿನಲ್ಲಿ ಮೊದಲ ಬಾರಿಗೆ ಪೂರ್ಣವಾಗಿ ಅಚ್ಚಾಯಿತು. ಪ್ರತಿಯೊಂದು ಪದಕ್ಕೂ ಅರ್ಥ, ವ್ಯಾಕರಣ ಮತ್ತು ಯಜ್ಞದ ಸಂದರ್ಭವನ್ನು ಹೇಳುವ ಈ ಭಾಷ್ಯದ ನೆರವಿಲ್ಲದೆ ಯುರೋಪಿನ ವಿದ್ವಾಂಸರು ವೇದದ ಒಳಕ್ಕೆ ಪ್ರವೇಶಿಸುವುದು ಕಷ್ಟವಾಗಿತ್ತು.

ಭಾಷ್ಯಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬ ವಿಷಯದಲ್ಲಿ ಆ ಕಾಲದಲ್ಲಿ ತೀವ್ರವಾದ ಭಿನ್ನಾಭಿಪ್ರಾಯವಿತ್ತು. ಮಧ್ಯಯುಗದ ಭಾಷ್ಯಕಾರನಿಗಿಂತ ಆಧುನಿಕ ಭಾಷಾಶಾಸ್ತ್ರವೇ ವೇದದ ಮೂಲಾರ್ಥಕ್ಕೆ ಹತ್ತಿರ ಹೋಗಬಲ್ಲದು ಎಂದು ರುಡಾಲ್ಫ್ ರೋತ್ ಮೊದಲಾದ ಜರ್ಮನ್ ವಿದ್ವಾಂಸರು ವಾದಿಸಿದರು. ಪರಂಪರೆಯ ಅರ್ಥವನ್ನು ಬದಿಗಿಟ್ಟು ಪವಿತ್ರ ಗ್ರಂಥವನ್ನು ಅರಿಯಲಾಗದು ಎಂಬುದು ವಿಲ್ಸನ್ ಅವರ ಪಕ್ಷವಾಗಿತ್ತು. ಮುಲ್ಲರ್ ಮಧ್ಯಮ ಮಾರ್ಗವನ್ನು ಹಿಡಿದರು. ಭಾಷ್ಯವನ್ನು ಪೂರ್ಣವಾಗಿ ಮುದ್ರಿಸಿದರಾದರೂ, ತಾವು ಅನುವಾದ ಮಾಡುವಾಗ ಸಾಯಣರಿಂದ ಬೇರೆಯಾದ ಅರ್ಥವನ್ನು ಹೇಳಲು ಹಿಂಜರಿಯಲಿಲ್ಲ. ಪವಿತ್ರ ಗ್ರಂಥದ ಅರ್ಥವನ್ನು ಅದನ್ನು ನಂಬುವ ಸಮುದಾಯದಿಂದ ತಿಳಿಯಬೇಕೇ ಅಥವಾ ಪಠ್ಯದಿಂದಲೇ ತಿಳಿಯಬೇಕೇ ಎಂಬ ಈ ಪ್ರಶ್ನೆ ಧಾರ್ಮಿಕ ಅಧ್ಯಯನದ ವಿಭಾಗಗಳಲ್ಲಿ ಇಂದಿಗೂ ಚರ್ಚೆಯ ವಿಷಯವಾಗಿದೆ.

ಮೊದಲ ಆವೃತ್ತಿಯ ಪ್ರತಿಗಳು ಮುಗಿದ ಮೇಲೆ, 1890ರಿಂದ 1892ರ ಅವಧಿಯಲ್ಲಿ ನಾಲ್ಕು ಸಂಪುಟಗಳ ಪರಿಷ್ಕೃತ ಆವೃತ್ತಿ ಪ್ರಕಟವಾಯಿತು. ಇದಕ್ಕೆ ಧನಸಹಾಯ ನೀಡಿದವರು ಇಂದಿನ ಆಂಧ್ರಪ್ರದೇಶದ ವಿಜಯನಗರಂ ಸಂಸ್ಥಾನದ ಮಹಾರಾಜರು. ಈ ಸಂಸ್ಥಾನವು ಹಂಪಿಯ ವಿಜಯನಗರ ಸಾಮ್ರಾಜ್ಯಕ್ಕಿಂತ ಭಿನ್ನವಾದುದು.

1860ರ ಬೋಡನ್ ಪೀಠದ ಚುನಾವಣೆ

ಆಕ್ಸ್‌ಫರ್ಡಿನಲ್ಲಿ ಮುಲ್ಲರ್ 1854ರಲ್ಲಿ ಆಧುನಿಕ ಯುರೋಪಿಯನ್ ಭಾಷೆಗಳ ಪ್ರಾಧ್ಯಾಪಕರಾದರು. 1858ರಲ್ಲಿ ಆಲ್ ಸೋಲ್ಸ್ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು. 1859ರಲ್ಲಿ ಪ್ರಾಚೀನ ಸಂಸ್ಕೃತ ಸಾಹಿತ್ಯದ ಇತಿಹಾಸವನ್ನು ಪ್ರಕಟಿಸಿದರು. 1860ರಲ್ಲಿ ವಿಲ್ಸನ್ ನಿಧನರಾದಾಗ ತೆರವಾದ ಸಂಸ್ಕೃತ ಪ್ರಾಧ್ಯಾಪಕ ಸ್ಥಾನವು ಸಹಜವಾಗಿ ಮುಲ್ಲರ್ ಅವರಿಗೆ ದೊರೆಯುವುದೆಂದು ಹಲವರು ಭಾವಿಸಿದ್ದರು.

ಆದರೆ ಈ ಪೀಠದ ಸ್ಥಾಪನೆಯ ಹಿನ್ನೆಲೆ ವಿಶಿಷ್ಟವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಯಾಗಿದ್ದ ಜೋಸೆಫ್ ಬೋಡನ್ ತಮ್ಮ ಮರಣಶಾಸನದಲ್ಲಿ ಇದಕ್ಕೆ ಹಣವನ್ನು ಬಿಟ್ಟುಹೋಗಿದ್ದರು. ಇಂಗ್ಲಿಷರು ಸಂಸ್ಕೃತ ಕಲಿತು ಭಾರತೀಯರನ್ನು ಕ್ರೈಸ್ತಮತಕ್ಕೆ ತರುವಂತಾಗಬೇಕು ಎಂಬುದು ಅವರ ಉದ್ದೇಶವಾಗಿತ್ತು. ಪ್ರಾಧ್ಯಾಪಕರನ್ನು ಆರಿಸುವ ಅಧಿಕಾರ ವಿಷಯತಜ್ಞರಿಗಿರಲಿಲ್ಲ. ವಿಶ್ವವಿದ್ಯಾಲಯದ ಎಂ.ಎ. ಪದವೀಧರರೆಲ್ಲರೂ ಮತದಾರರಾಗಿದ್ದರು. ಅವರಲ್ಲಿ ಹಳ್ಳಿಗಳ ಚರ್ಚುಗಳಲ್ಲಿದ್ದ ಪಾದ್ರಿಗಳು ದೊಡ್ಡ ಸಂಖ್ಯೆಯಲ್ಲಿದ್ದರು.

ಮುಲ್ಲರ್ ಅವರ ಪ್ರತಿಸ್ಪರ್ಧಿ, ಕಂಪನಿಯ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸಿದ್ದ ಮೋನಿಯರ್ ವಿಲಿಯಮ್ಸ್. ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ, ಕರಪತ್ರಗಳಲ್ಲಿ ಪ್ರಚಾರ ನಡೆಯಿತು. ಮುಲ್ಲರ್ ಪರದೇಶದವರು, ಅವರ ಕ್ರೈಸ್ತ ನಂಬಿಕೆ ಸಡಿಲವಾದುದು ಎಂಬ ಸಂಶಯಗಳು ಅವರ ವಿರುದ್ಧ ಕೆಲಸ ಮಾಡಿದವು. ಇಬ್ಬರೂ ಅಭ್ಯರ್ಥಿಗಳು ತಮ್ಮ ವಿದ್ವತ್ತು ಮಿಷನರಿಗಳಿಗೆ ಉಪಯುಕ್ತವೆಂದು ಮತದಾರರಿಗೆ ಮನವರಿಕೆ ಮಾಡಲು ಪ್ರಯತ್ನಿಸಿದರು. ಸಂಪ್ರದಾಯವಾದಿ ದೇವಶಾಸ್ತ್ರಜ್ಞ ಎಡ್ವರ್ಡ್ ಪ್ಯೂಸಿ ಇದೇ ಕಾರಣಕ್ಕೆ ಮುಲ್ಲರ್ ಅವರನ್ನು ಬೆಂಬಲಿಸಿದರು. 1860ರ ಡಿಸೆಂಬರ್ 7ರಂದು ನಡೆದ ಮತದಾನದಲ್ಲಿ ಮೋನಿಯರ್ ವಿಲಿಯಮ್ಸ್ 833 ಮತಗಳನ್ನೂ ಮುಲ್ಲರ್ 610 ಮತಗಳನ್ನೂ ಪಡೆದರು.

ಈ ಸೋಲು ಮುಲ್ಲರ್ ಅವರನ್ನು ದೀರ್ಘಕಾಲ ನೋಯಿಸಿತು. ಆಕ್ಸ್‌ಫರ್ಡಿನಲ್ಲಿ ಅವರು ಎಂದೂ ಸಂಸ್ಕೃತದ ಪ್ರಾಧ್ಯಾಪಕರಾಗಲಿಲ್ಲ. 1868ರಲ್ಲಿ ವಿಶ್ವವಿದ್ಯಾಲಯವು ಅವರಿಗಾಗಿಯೇ ತೌಲನಿಕ ಭಾಷಾಶಾಸ್ತ್ರದ ಪೀಠವನ್ನು ಸ್ಥಾಪಿಸಿತು.

ಭಾಷೆಯಿಂದ ಧರ್ಮದತ್ತ

ಚುನಾವಣೆಯ ಬಳಿಕ ಮುಲ್ಲರ್ ಸಾರ್ವಜನಿಕ ಉಪನ್ಯಾಸಗಳ ಕಡೆಗೆ ಹೆಚ್ಚಾಗಿ ತಿರುಗಿದರು. 1861 ಮತ್ತು 1863ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಭಾಷಾವಿಜ್ಞಾನವನ್ನು ಕುರಿತು ಅವರು ನೀಡಿದ ಉಪನ್ಯಾಸಗಳು ಬಹಳ ಜನಪ್ರಿಯವಾದವು.

ಪದಗಳ ಇತಿಹಾಸವು ದೇವತೆಗಳ ಇತಿಹಾಸವನ್ನೂ ತಿಳಿಸುತ್ತದೆ ಎಂಬುದು ಅವರ ವಾದದ ತಿರುಳು. ವೇದದ 'ದ್ಯೌಃ ಪಿತಾ', ಗ್ರೀಕರ 'ಜೀಯುಸ್ ಪಾತೆರ್', ರೋಮನ್ನರ 'ಜುಪಿಟರ್' ಈ ಮೂರೂ ಒಂದೇ ಹೆಸರಿನ ರೂಪಾಂತರಗಳು. ಮೂರರ ಮೂಲಾರ್ಥವೂ ಬೆಳಗುವ ಆಕಾಶವೆಂಬ ತಂದೆ. ಪ್ರಾಚೀನರು ಉಷೆ, ಸೂರ್ಯ, ಆಕಾಶಗಳನ್ನು ವರ್ಣಿಸಲು ಬಳಸಿದ ಮಾತುಗಳ ಮೂಲಾರ್ಥವು ಕಾಲಕ್ರಮದಲ್ಲಿ ಮರೆತುಹೋಗಿ, ಆ ಮಾತುಗಳೇ ವ್ಯಕ್ತಿಗಳಾಗಿ, ಅವುಗಳ ಸುತ್ತ ಪುರಾಣಕಥೆಗಳು ಬೆಳೆದವು ಎಂದು ಅವರು ಪ್ರತಿಪಾದಿಸಿದರು. ಪುರಾಣವನ್ನು ಅವರು ಭಾಷೆಗೆ ತಗುಲಿದ ಒಂದು ವ್ಯಾಧಿಯೆಂಬಂತೆ ವಿವರಿಸಿದರು.

ಋಗ್ವೇದದ ಸೂಕ್ತಗಳಲ್ಲಿ ಅವರು ಇನ್ನೊಂದು ವಿಶೇಷವನ್ನು ಗುರುತಿಸಿದರು. ಇಂದ್ರ, ಅಗ್ನಿ, ವರುಣ ಮೊದಲಾದ ದೇವತೆಗಳಲ್ಲಿ ಯಾರನ್ನು ಸ್ತುತಿಸಲಾಗುತ್ತದೆಯೋ ಆ ದೇವತೆಯೇ ಆ ಸ್ತುತಿಯ ಮಟ್ಟಿಗೆ ಸರ್ವೋಚ್ಚವೆನಿಸುತ್ತದೆ. ಇದು ಏಕದೇವೋಪಾಸನೆಯೂ ಅಲ್ಲದ, ಶ್ರೇಣಿಬದ್ಧವಾದ ಬಹುದೇವೋಪಾಸನೆಯೂ ಅಲ್ಲದ ಸ್ಥಿತಿ. ಇದನ್ನು ಸೂಚಿಸಲು ಅವರು 'ಹೆನೊಥೀಯಿಸಂ' ಎಂಬ ಪದವನ್ನು ಬಳಕೆಗೆ ತಂದರು.

ಧರ್ಮಗಳ ತೌಲನಿಕ ಅಧ್ಯಯನ

1870ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿಯೇ ನೀಡಿದ ನಾಲ್ಕು ಉಪನ್ಯಾಸಗಳಲ್ಲಿ ಮುಲ್ಲರ್ 'ಧರ್ಮವಿಜ್ಞಾನ' ಎಂಬ ಹೊಸ ಅಧ್ಯಯನಕ್ಷೇತ್ರದ ರೂಪರೇಷೆಯನ್ನು ಮಂಡಿಸಿದರು. ಇವು 1873ರಲ್ಲಿ ಪುಸ್ತಕವಾದವು. ಒಂದೇ ಭಾಷೆಯನ್ನು ಬಲ್ಲವನು ಅದನ್ನೂ ಸರಿಯಾಗಿ ಅರಿತಿರುವುದಿಲ್ಲ ಎಂಬ ಅರ್ಥದ ಗಯಟೆಯ ಮಾತನ್ನು ಅವರು ಧರ್ಮಕ್ಕೆ ಅನ್ವಯಿಸಿದರು. ಒಂದು ಧರ್ಮವನ್ನು ಮಾತ್ರ ತಿಳಿದವನಿಗೆ ಆ ಧರ್ಮದಲ್ಲಿ ಎಲ್ಲ ಧರ್ಮಗಳಿಗೂ ಸಾಮಾನ್ಯವಾದುದು ಯಾವುದು, ಅದಕ್ಕೇ ವಿಶಿಷ್ಟವಾದುದು ಯಾವುದು ಎಂಬುದು ಗೋಚರಿಸುವುದಿಲ್ಲ ಎಂಬುದು ಇದರ ಆಶಯ.

ಈ ಪ್ರತಿಪಾದನೆಯ ಪರಿಣಾಮಗಳು ದೂರಗಾಮಿಯಾಗಿದ್ದವು. ಅಲ್ಲಿಯವರೆಗೆ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಧರ್ಮವೆಂದರೆ ಪ್ರಧಾನವಾಗಿ ಕ್ರೈಸ್ತ ದೇವಶಾಸ್ತ್ರ. ಅದು ಒಂದು ಧರ್ಮದ ಸತ್ಯವನ್ನು ಒಪ್ಪಿಕೊಂಡು ಅದನ್ನು ವಿವರಿಸುವ ಶಾಸ್ತ್ರವಾಗಿತ್ತು. ಉಳಿದ ಧರ್ಮಗಳನ್ನು ಸುಳ್ಳು ಧರ್ಮಗಳೆಂದು ಬದಿಗಿಡುವುದು ವಾಡಿಕೆಯಾಗಿತ್ತು. ಸತ್ಯ ಧರ್ಮ, ಸುಳ್ಳು ಧರ್ಮ ಎಂಬ ವಿಂಗಡಣೆಯನ್ನು ಬಿಟ್ಟು, ಪ್ರತಿಯೊಂದು ಧರ್ಮವನ್ನೂ ಅದರ ಮೂಲಗ್ರಂಥಗಳಿಂದ, ಮೂಲಭಾಷೆಯಲ್ಲಿ, ಐತಿಹಾಸಿಕವಾಗಿ ಅಭ್ಯಸಿಸಬೇಕೆಂದು ಮುಲ್ಲರ್ ಕೇಳಿಕೊಂಡರು. ಪ್ರತಿಯೊಂದು ಧರ್ಮಕ್ಕೂ ಅದರ ಅತ್ಯುತ್ತಮ ರೂಪದಿಂದಲೇ ಬೆಲೆ ಕಟ್ಟಬೇಕೆಂಬ ನ್ಯಾಯದೃಷ್ಟಿ ಅವರ ಬರಹಗಳಲ್ಲಿದೆ. 1878ರಲ್ಲಿ ಆರಂಭವಾದ ಹಿಬ್ಬರ್ಟ್ ಉಪನ್ಯಾಸಮಾಲೆಯ ಮೊದಲ ಉಪನ್ಯಾಸಕರಾಗಿ ಅವರು ಭಾರತದ ಧರ್ಮಗಳ ನಿದರ್ಶನದಿಂದ ಧರ್ಮದ ಉಗಮ ಮತ್ತು ಬೆಳವಣಿಗೆಯನ್ನು ವಿವರಿಸಿದರು.

ಇದೇ ದಶಕದಲ್ಲಿ ಬೇರೆ ದೇಶಗಳಲ್ಲೂ ಈ ವಿಷಯಕ್ಕೆ ಪೀಠಗಳು ಸ್ಥಾಪನೆಯಾದವು. ಜಿನೀವಾದಲ್ಲಿ 1873ರಲ್ಲಿ, ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ 1877ರಲ್ಲಿ ಧರ್ಮಗಳ ಇತಿಹಾಸದ ಬೋಧನೆ ಆರಂಭವಾಯಿತು.

ಪೂರ್ವದೇಶಗಳ ಪವಿತ್ರ ಗ್ರಂಥಮಾಲೆ

ಹೋಲಿಕೆ ಮಾಡಬೇಕಾದರೆ ಗ್ರಂಥಗಳು ಕೈಗೆ ಸಿಗಬೇಕು. ಈ ಅಗತ್ಯದಿಂದಲೇ 'ಸೇಕ್ರೆಡ್ ಬುಕ್ಸ್ ಆಫ್ ದಿ ಈಸ್ಟ್' ಯೋಜನೆ ಹುಟ್ಟಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ ಮತ್ತು ಭಾರತ ಇಲಾಖೆಗಳು ಇದಕ್ಕೆ ನೆರವು ನೀಡಿದವು. 1876ರಲ್ಲಿ ವಿಶ್ವವಿದ್ಯಾಲಯವು ಮುಲ್ಲರ್ ಅವರನ್ನು ಬೋಧನೆಯ ಹೊಣೆಯಿಂದ ಬಿಡುಗಡೆಗೊಳಿಸಿ, ಸಂಪಾದನೆಗೆ ಪೂರ್ಣ ಸಮಯ ದೊರೆಯುವಂತೆ ಮಾಡಿತು.

ಮೊದಲ ಸಂಪುಟ 1879ರಲ್ಲಿ ಪ್ರಕಟವಾಯಿತು. ಛಾಂದೋಗ್ಯ, ಕೇನ, ಈಶ ಮೊದಲಾದ ಉಪನಿಷತ್ತುಗಳನ್ನು ಒಳಗೊಂಡ ಈ ಸಂಪುಟವನ್ನು ಮುಲ್ಲರ್ ಅವರೇ ಅನುವಾದಿಸಿದರು. ಇದರ ಮುನ್ನುಡಿಯಲ್ಲಿ ಅವರು ಓದುಗರಿಗೆ ಒಂದು ಎಚ್ಚರಿಕೆಯನ್ನು ನೀಡಿದರು. ಪ್ರಾಚೀನ ಗ್ರಂಥಗಳಿಂದ ಸುಂದರವಾದ ಭಾಗಗಳನ್ನಷ್ಟೇ ಆಯ್ದುಕೊಡುವ ಪದ್ಧತಿಯು ಅವುಗಳ ಬಗ್ಗೆ ತಪ್ಪು ಕಲ್ಪನೆ ಮೂಡಿಸುತ್ತದೆ, ಉದಾತ್ತವಾದುದರ ಜೊತೆಗೆ ನೀರಸವಾದುದೂ ಅರ್ಥವಾಗದುದೂ ಇರುವ ಪೂರ್ಣ ಗ್ರಂಥವನ್ನೇ ಓದುಗರ ಮುಂದಿಡಬೇಕು ಎಂಬುದು ಅವರ ನಿಲುವಾಗಿತ್ತು.

ಸುಮಾರು ಇಪ್ಪತ್ತು ವಿದ್ವಾಂಸರು ಈ ಮಾಲೆಗೆ ದುಡಿದರು. ಅವರಲ್ಲಿ ಕೆಲವರ ಕೊಡುಗೆಗಳು ಹೀಗಿವೆ:

• ಜೇಮ್ಸ್ ಲೆಗ್ – ಕನ್‌ಫ್ಯೂಷಿಯಸ್ ಮತ್ತು ತಾವೋ ಪರಂಪರೆಯ ಚೀನೀ ಗ್ರಂಥಗಳು
• ಇ. ಎಚ್. ಪಾಮರ್ – ಕುರಾನ್
• ಜೇಮ್ಸ್ ಡಾರ್ಮೆಸ್ಟೆಟರ್ – ಪಾರಸಿಗಳ ಅವೆಸ್ತಾ
• ಟಿ. ಡಬ್ಲ್ಯು. ರೀಸ್ ಡೇವಿಡ್ಸ್ – ಪಾಳಿ ಭಾಷೆಯ ಬೌದ್ಧ ಸುತ್ತಗಳು
• ಹರ್ಮನ್ ಯಾಕೋಬಿ – ಪ್ರಾಕೃತದ ಜೈನ ಸೂತ್ರಗಳು
• ಜಾರ್ಜ್ ಬ್ಯೂಲರ್ – ಮನುಸ್ಮೃತಿ
• ಜಾರ್ಜ್ ಥಿಬೊ – ಶಂಕರ ಮತ್ತು ರಾಮಾನುಜರ ಭಾಷ್ಯಗಳೊಂದಿಗೆ ವೇದಾಂತಸೂತ್ರಗಳು
• ಕಾಶೀನಾಥ ತ್ರ್ಯಂಬಕ ತೆಲಂಗ್ – ಭಗವದ್ಗೀತೆ

ಮುಂಬಯಿಯ ನ್ಯಾಯವಾದಿಯಾಗಿದ್ದು ಮುಂದೆ ಹೈಕೋರ್ಟ್ ನ್ಯಾಯಾಧೀಶರಾದ ತೆಲಂಗ್ ಅವರ ಅನುವಾದವು 1882ರಲ್ಲಿ ಪ್ರಕಟವಾಯಿತು. ಪಾಳಿಯ 'ಧಮ್ಮಪದ'ವನ್ನು ಮುಲ್ಲರ್ ಸ್ವತಃ ಅನುವಾದಿಸಿದರು. ಮಾಲೆಯ ಕೊನೆಯ ಸಂಪುಟವಾದ ಪದಸೂಚಿಯನ್ನು ಮಾರಿಸ್ ವಿಂಟರ್ನಿಟ್ಸ್ ಸಿದ್ಧಪಡಿಸಿದರು. ಅದು ಮುಲ್ಲರ್ ಅವರ ಮರಣಾನಂತರ, 1910ರಲ್ಲಿ ಹೊರಬಂದಿತು.

ಬೈಬಲ್‌ನ ಹಳೆಯ ಮತ್ತು ಹೊಸ ಒಡಂಬಡಿಕೆಗಳನ್ನೂ ಈ ಮಾಲೆಯಲ್ಲಿ ಸೇರಿಸಬೇಕೆಂದು ಮುಲ್ಲರ್ ಬಯಸಿದ್ದರು. ಅವೂ ಪೂರ್ವದೇಶದಲ್ಲಿ ಹುಟ್ಟಿದ ಗ್ರಂಥಗಳೇ ಆಗಿದ್ದವು. ಆದರೆ ಬೈಬಲ್ಲನ್ನು ಇತರ ಧರ್ಮಗಳ ಗ್ರಂಥಗಳ ಸಾಲಿನಲ್ಲಿ ಇಡುವುದಕ್ಕೆ ಚರ್ಚಿನ ವಲಯದಿಂದ ವಿರೋಧ ಬಂದುದರಿಂದ ಅದು ಸಾಧ್ಯವಾಗಲಿಲ್ಲ. ಎಲ್ಲ ಧರ್ಮಗಳಿಗೂ ಒಂದೇ ಅಳತೆಗೋಲು ಎಂಬ ತತ್ತ್ವದ ಮೇಲೆ ನಿಂತ ಮಾಲೆಯಲ್ಲಿ ಸಂಪಾದಕರ ಸ್ವಂತ ಧರ್ಮದ ಗ್ರಂಥವೇ ಹೊರಗುಳಿಯಿತು. ಪೂರ್ವದ ಧರ್ಮಗಳು ಅಧ್ಯಯನದ ವಸ್ತು, ಕ್ರೈಸ್ತಧರ್ಮವು ಅಧ್ಯಯನಕ್ಕೆ ಅತೀತ ಎಂಬ ಭಾವನೆಯನ್ನು ಈ ಕೊರತೆಯು ಪರೋಕ್ಷವಾಗಿ ಉಳಿಸಿತು ಎಂದು ಮುಂದಿನ ವಿಮರ್ಶಕರು ಹೇಳಿದ್ದಾರೆ.

ಗಿಫರ್ಡ್ ಉಪನ್ಯಾಸಗಳು

1888ರಿಂದ 1892ರವರೆಗೆ ಮುಲ್ಲರ್ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಮೊದಲ ಗಿಫರ್ಡ್ ಉಪನ್ಯಾಸಕರಾಗಿದ್ದರು. ದೈವೀ ಸಾಕ್ಷಾತ್ಕಾರದ ಆಧಾರವನ್ನು ಬಳಸದೆ ಧರ್ಮವನ್ನು ಚರ್ಚಿಸಬೇಕೆಂಬುದು ಈ ಉಪನ್ಯಾಸಗಳ ದಾನಿಯ ನಿಬಂಧನೆಯಾಗಿತ್ತು. ನಾಲ್ಕು ಸಂಪುಟಗಳಲ್ಲಿ ಪ್ರಕಟವಾದ ಈ ಉಪನ್ಯಾಸಗಳು ಪ್ರಕೃತಿ, ಪಿತೃಗಳು ಮತ್ತು ಆತ್ಮದ ಕಲ್ಪನೆಗಳಿಂದ ಧಾರ್ಮಿಕ ಚಿಂತನೆ ಬೆಳೆದ ಬಗೆಯನ್ನು ವಿವರಿಸುತ್ತವೆ. 1891ರಲ್ಲಿ ಗ್ಲಾಸ್ಗೋದ ಪ್ರೆಸ್ಬಿಟೇರಿಯನ್ ಧರ್ಮಸಭೆಯಲ್ಲಿ, ಈ ಬೋಧನೆಯು ಕ್ರೈಸ್ತ ನಂಬಿಕೆಗೆ ವಿರುದ್ಧವಾದುದೆಂಬ ಆಕ್ಷೇಪವನ್ನು ಎತ್ತಲಾಯಿತು. ಕ್ಯಾಥೊಲಿಕ್ ಧರ್ಮಾಧಿಕಾರಿಯೊಬ್ಬರೂ ಅವರನ್ನು ಖಂಡಿಸಿದರು. ಆದರೆ ಅವರ ಮೇಲೆ ಯಾವ ಕ್ರಮವೂ ಆಗಲಿಲ್ಲ.

ಭಾರತದೊಂದಿಗೆ ಸಂಬಂಧ

ಮುಲ್ಲರ್ ತಮ್ಮ ಜೀವನದಲ್ಲಿ ಒಮ್ಮೆಯೂ ಭಾರತಕ್ಕೆ ಬರಲಿಲ್ಲ. ಆದರೆ ಪತ್ರವ್ಯವಹಾರದ ಮೂಲಕ ಭಾರತೀಯ ವಿದ್ವಾಂಸರು ಹಾಗೂ ಸುಧಾರಕರೊಡನೆ ನಿಕಟ ಸಂಪರ್ಕವನ್ನು ಇಟ್ಟುಕೊಂಡಿದ್ದರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು 1870ರಲ್ಲಿ ಇಂಗ್ಲೆಂಡಿಗೆ ಬಂದಾಗ ಅವರನ್ನು ಭೇಟಿಯಾದರು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಇಂಗ್ಲೆಂಡಿನಲ್ಲಿದ್ದಾಗ ಆಕ್ಸ್‌ಫರ್ಡಿನಲ್ಲಿ ಮುಲ್ಲರ್ ಕುಟುಂಬದ ಅತಿಥಿಯಾಗಿದ್ದರು.

1882ರಲ್ಲಿ ಕೇಂಬ್ರಿಡ್ಜ್‌ನಲ್ಲಿ, ಭಾರತದ ಆಡಳಿತ ಸೇವೆಗೆ ಸಿದ್ಧರಾಗುತ್ತಿದ್ದ ಇಂಗ್ಲಿಷ್ ತರುಣರನ್ನು ಉದ್ದೇಶಿಸಿ ಅವರು ನೀಡಿದ ಉಪನ್ಯಾಸಗಳು ಮರುವರ್ಷ ಪುಸ್ತಕವಾದವು. ಭಾರತದಿಂದ ಯುರೋಪು ಏನನ್ನು ಕಲಿಯಬಹುದು ಎಂಬುದು ಅವುಗಳ ವಿಷಯ. ಭಾರತೀಯರು ಸ್ವಭಾವತಃ ಸುಳ್ಳುಗಾರರೆಂಬ ಆಗಿನ ಆಡಳಿತಗಾರರ ಪೂರ್ವಗ್ರಹವನ್ನು ಅವರು ಇದರಲ್ಲಿ ವಿಸ್ತಾರವಾಗಿ ನಿರಾಕರಿಸಿದರು.

1896ರ ಮೇ 28ರಂದು ಸ್ವಾಮಿ ವಿವೇಕಾನಂದರು ಆಕ್ಸ್‌ಫರ್ಡಿನಲ್ಲಿ ಮುಲ್ಲರ್ ಅವರನ್ನು ಭೇಟಿಯಾದರು. ಅದೇ ವರ್ಷ ಮುಲ್ಲರ್ ಶ್ರೀರಾಮಕೃಷ್ಣ ಪರಮಹಂಸರ ಬಗ್ಗೆ ಲೇಖನ ಬರೆದರು. 1898ರಲ್ಲಿ ಪರಮಹಂಸರ ಜೀವನ ಮತ್ತು ಉಪದೇಶಗಳನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದರು. ರಾಜದ್ರೋಹದ ಆಪಾದನೆಯ ಮೇಲೆ ಸೆರೆಯಲ್ಲಿದ್ದ ಬಾಲಗಂಗಾಧರ ತಿಲಕರ ಬಿಡುಗಡೆಗಾಗಿ ಸಲ್ಲಿಸಿದ ಮನವಿಗೂ ಅವರು ಸಹಿ ಹಾಕಿದ್ದರು.

ಜಪಾನಿನ ಬೌದ್ಧ ವಿದ್ವಾಂಸರಾದ ನಾಂಜೋ ಬುನ್ಯು ಮತ್ತು ಕಾಸಾಹಾರಾ ಕೆಂಜು ಅವರಲ್ಲಿ ಸಂಸ್ಕೃತ ಕಲಿತರು. ಚೀನೀ ಬೌದ್ಧ ತ್ರಿಪಿಟಕದ ನಾಂಜೋ ಅವರ ಗ್ರಂಥಸೂಚಿ 1883ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು.

ಟೀಕೆ ಮತ್ತು ವಿವಾದಗಳು

ಮುಲ್ಲರ್ ಅವರ ಉದ್ದೇಶದ ಬಗೆಗಿನ ವಿವಾದ ಭಾರತದಲ್ಲಿ ಹೆಚ್ಚು ಪ್ರಸಿದ್ಧವಾಗಿದೆ. ಅವರ ನಿಧನಾನಂತರ ಪತ್ನಿ ಪ್ರಕಟಿಸಿದ ಪತ್ರಸಂಗ್ರಹದಲ್ಲಿ, 1860ರ ದಶಕದಲ್ಲಿ ಅವರು ಪತ್ನಿಗೆ ಬರೆದ ಪತ್ರವೊಂದಿದೆ. ತಮ್ಮ ಋಗ್ವೇದ ಆವೃತ್ತಿಯು ಭಾರತೀಯರಿಗೆ ಅವರ ಧರ್ಮದ ಬೇರು ಎಂಥದೆಂಬುದನ್ನು ತೋರಿಸಿ, ಆ ಬೇರಿನಿಂದ ಬೆಳೆದುದನ್ನು ಕಿತ್ತುಹಾಕಲು ದಾರಿಯಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. 1868ರಲ್ಲಿ ಭಾರತ ಇಲಾಖೆಯ ಮಂತ್ರಿಯಾಗಿದ್ದ ಆರ್ಗೈಲ್ ಡ್ಯೂಕರಿಗೆ ಬರೆದ ಪತ್ರದಲ್ಲಿಯೂ ಭಾರತದ ಪ್ರಾಚೀನ ಧರ್ಮವು ಅಳಿವಿನ ಹಾದಿಯಲ್ಲಿದೆ ಎಂಬ ಅಭಿಪ್ರಾಯವಿದೆ. ಈ ಪತ್ರಗಳ ಆಧಾರದ ಮೇಲೆ ಅವರ ಸಂಪಾದನಾ ಕಾರ್ಯವೆಲ್ಲ ಮತಾಂತರದ ಸಾಧನವಾಗಿತ್ತು ಎಂದು ಕೆಲವರು ವಾದಿಸುತ್ತಾರೆ. ಅವರು ಕ್ರೈಸ್ತರಾಗಿದ್ದುದನ್ನು ಎಂದೂ ಮರೆಮಾಚಿರಲಿಲ್ಲ, ನಂತರದ ದಶಕಗಳ ಬರಹಗಳಲ್ಲಿ ವೇದಾಂತದ ಬಗ್ಗೆ ಗಾಢವಾದ ಗೌರವ ಕಾಣುತ್ತದೆ ಎಂದು ಇತರರು ತೋರಿಸುತ್ತಾರೆ. ಒಂದೇ ವ್ಯಕ್ತಿಯ ಖಾಸಗಿ ಪತ್ರ ಮತ್ತು ಸಾರ್ವಜನಿಕ ವಿದ್ವತ್ತುಗಳನ್ನು ಜೊತೆಗಿಟ್ಟು ಓದಬೇಕಾದ ಪ್ರಕರಣವಾಗಿ ಇದು ವಿದ್ಯಾರ್ಥಿಗಳ ಮುಂದಿದೆ. ಆರ್ಯಸಮಾಜದ ಸ್ಥಾಪಕರಾದ ದಯಾನಂದ ಸರಸ್ವತಿಯವರು ಮುಲ್ಲರ್ ಅವರ ಜೀವಿತಕಾಲದಲ್ಲಿಯೇ ಅವರ ವೇದವ್ಯಾಖ್ಯಾನವನ್ನು ತಿರಸ್ಕರಿಸಿದ್ದರು.

ವೇದದ ಕಾಲನಿರ್ಣಯವೂ ಚರ್ಚೆಗೆ ಒಳಗಾಯಿತು. ಬುದ್ಧನ ಕಾಲವನ್ನು ಆಧಾರವಾಗಿಟ್ಟುಕೊಂಡ ಮುಲ್ಲರ್, ವೈದಿಕ ಸಾಹಿತ್ಯದ ಆರಂಭದ ಹಂತಗಳಿಗೆ ತಲಾ ಇನ್ನೂರು ವರ್ಷಗಳನ್ನು ಊಹಿಸಿ ಹಿಂದಕ್ಕೆ ಎಣಿಸಿದರು. ಹೀಗೆ ಅತ್ಯಂತ ಹಳೆಯ ಸೂಕ್ತಗಳನ್ನು ಕ್ರಿ.ಪೂ. 1200ರಿಂದ 1000ದ ಅವಧಿಗೆ ಸೇರಿಸಿದರು. ಇದು ಕೇವಲ ಊಹೆಯೆಂದು ಅಮೆರಿಕದ ಸಂಸ್ಕೃತಜ್ಞ ವಿಲಿಯಂ ಡ್ವೈಟ್ ವಿಟ್ನಿ ಮೊದಲಾದವರು ಟೀಕಿಸಿದರು. ಗಿಫರ್ಡ್ ಉಪನ್ಯಾಸಗಳಲ್ಲಿ ಮುಲ್ಲರ್ ಅವರೇ ಸೂಕ್ತಗಳ ಕಾಲವನ್ನು ಖಚಿತವಾಗಿ ನಿರ್ಧರಿಸುವುದು ಅಸಾಧ್ಯವೆಂದು ಒಪ್ಪಿಕೊಂಡರು.

'ಆರ್ಯ' ಎಂಬ ಪದವನ್ನು ಯುರೋಪಿನಲ್ಲಿ ಜನಪ್ರಿಯಗೊಳಿಸಿದವರಲ್ಲಿ ಮುಲ್ಲರ್ ಒಬ್ಬರು. ಆರಂಭದ ಬರಹಗಳಲ್ಲಿ ಭಾಷೆ ಮತ್ತು ಜನಾಂಗಗಳನ್ನು ಅವರು ಸ್ಪಷ್ಟವಾಗಿ ಬೇರ್ಪಡಿಸಿರಲಿಲ್ಲ. 1888ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಈ ಪದವು ಭಾಷೆಗೆ ಮಾತ್ರ ಅನ್ವಯಿಸುತ್ತದೆ, ರಕ್ತಕ್ಕಾಗಲಿ ತಲೆಬುರುಡೆಯ ಆಕಾರಕ್ಕಾಗಲಿ ಸಂಬಂಧಿಸಿದ್ದಲ್ಲ ಎಂದು ದೃಢವಾಗಿ ಬರೆದರು. ಆದರೆ ಆ ವೇಳೆಗೆ ಪದವು ಜನಾಂಗವಾದಿಗಳ ಕೈಸೇರಿತ್ತು. ಕನ್ನಡವೂ ಸೇರಿದಂತೆ ದ್ರಾವಿಡ ಭಾಷೆಗಳನ್ನು ಅವರು ಮಧ್ಯ ಏಷ್ಯಾದ ಭಾಷೆಗಳ ಜೊತೆಗೆ 'ತುರಾನಿಯನ್' ಎಂಬ ಗುಂಪಿಗೆ ಸೇರಿಸಿದ್ದರು. ಈ ವರ್ಗೀಕರಣವನ್ನು ಭಾಷಾಶಾಸ್ತ್ರವು ಮುಂದೆ ಕೈಬಿಟ್ಟಿತು.

ಪುರಾಣಗಳನ್ನೆಲ್ಲ ಸೂರ್ಯ ಮತ್ತು ಉಷೆಗೆ ಹೊಂದಿಸುವ ಅವರ ವಿಧಾನವನ್ನು ಆಂಡ್ರೂ ಲ್ಯಾಂಗ್ ತೀವ್ರವಾಗಿ ವಿರೋಧಿಸಿದರು. ಅದೇ ವಿಧಾನವನ್ನು ಬಳಸಿ, ಮ್ಯಾಕ್ಸ್ ಮುಲ್ಲರ್ ಎಂಬ ವ್ಯಕ್ತಿಯೇ ಒಂದು ಸೂರ್ಯಪುರಾಣವೆಂದು ಸಾಧಿಸುವ ವಿಡಂಬನೆಯೊಂದು 1870ರಲ್ಲಿ ಡಬ್ಲಿನ್ನಿನಲ್ಲಿ ಪ್ರಕಟವಾಗಿತ್ತು.

ಧರ್ಮವನ್ನು ಪ್ರಾಚೀನ ಗ್ರಂಥಗಳಲ್ಲಿ ಮಾತ್ರ ಹುಡುಕಿದ್ದು ಅವರ ವಿಧಾನದ ಮತ್ತೊಂದು ಮಿತಿ. ಅವರ ಗ್ರಂಥಮಾಲೆಯಲ್ಲಿ ಭಾರತದ ಪಾಲು ಸಂಸ್ಕೃತ, ಪಾಳಿ ಮತ್ತು ಪ್ರಾಕೃತಗಳಿಗೆ ಸೀಮಿತವಾಗಿದೆ. ಕನ್ನಡದ ವಚನಗಳು ಮತ್ತು ದಾಸಸಾಹಿತ್ಯ, ತಮಿಳಿನ ಆಳ್ವಾರರ ಹಾಡುಗಳು, ಸಿಖ್ಖರ ಗುರುಗ್ರಂಥಗಳಿಗೆ ಅದರಲ್ಲಿ ಸ್ಥಾನವಿಲ್ಲ. ಜನರು ಪೂಜೆ, ಜಾತ್ರೆ, ಹಾಡು, ಹರಕೆಗಳಲ್ಲಿ ಬದುಕುವ ಧರ್ಮವು ಗ್ರಂಥದ ಧರ್ಮಕ್ಕಿಂತ ಬೇರೆಯಾಗಿರಬಹುದು ಎಂಬ ಅರಿವು ಇಪ್ಪತ್ತನೆಯ ಶತಮಾನದ ಮಾನವಶಾಸ್ತ್ರದಿಂದ ಈ ಕ್ಷೇತ್ರಕ್ಕೆ ಬಂದಿತು.

ಖಾಸಗಿ ಬದುಕು ಮತ್ತು ನಿಧನ

1859ರಲ್ಲಿ ಮುಲ್ಲರ್ ಅವರು ಜಾರ್ಜಿನಾ ಅಡಿಲೇಡ್ ಗ್ರೆನ್‌ಫೆಲ್ ಅವರನ್ನು ವಿವಾಹವಾದರು. ದಂಪತಿಗೆ ಮೂವರು ಹೆಣ್ಣುಮಕ್ಕಳು ಮತ್ತು ಒಬ್ಬ ಮಗ. ಹೆಣ್ಣುಮಕ್ಕಳಲ್ಲಿ ಇಬ್ಬರು ತಂದೆಯ ಜೀವಿತಕಾಲದಲ್ಲಿಯೇ ತೀರಿಕೊಂಡರು. 1896ರಲ್ಲಿ ಬ್ರಿಟಿಷ್ ಸರ್ಕಾರವು ಮುಲ್ಲರ್ ಅವರನ್ನು ಪ್ರಿವಿ ಕೌನ್ಸಿಲ್ ಸದಸ್ಯರನ್ನಾಗಿ ಗೌರವಿಸಿತು. 1900ರ ಅಕ್ಟೋಬರ್ 28ರಂದು ಆಕ್ಸ್‌ಫರ್ಡಿನಲ್ಲಿ ನಿಧನರಾದ ಅವರನ್ನು ಅಲ್ಲಿನ ಹೋಲಿವೆಲ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಅವರ ಗ್ರಂಥಸಂಗ್ರಹವು ಟೋಕಿಯೊ ವಿಶ್ವವಿದ್ಯಾಲಯವನ್ನು ಸೇರಿತು. 1923ರ ಮಹಾಭೂಕಂಪದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು.

ಪರಂಪರೆ

ಮುಲ್ಲರ್ ಅವರ ಅನೇಕ ಸಿದ್ಧಾಂತಗಳು ಇಂದು ಚಲಾವಣೆಯಲ್ಲಿಲ್ಲ. ಅವರು ಸಂಪಾದಿಸಿದ ಪಠ್ಯಗಳು ಮತ್ತು ಅವರು ಮುಂದಿಟ್ಟ ವಿಧಾನದ ಪ್ರಶ್ನೆಗಳು ಉಳಿದುಕೊಂಡಿವೆ. 1904ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವು ತೌಲನಿಕ ಧರ್ಮದ ಪೀಠವನ್ನು ಸ್ಥಾಪಿಸಿದಾಗ, ಅದಕ್ಕೆ ನೇಮಕವಾದವರು ಅವರ ಗ್ರಂಥಮಾಲೆಯ ಅನುವಾದಕರಲ್ಲಿ ಒಬ್ಬರಾದ ರೀಸ್ ಡೇವಿಡ್ಸ್. ಧರ್ಮವನ್ನು ಬೋಧಿಸುವುದು ಮತ್ತು ಧರ್ಮದ ಬಗ್ಗೆ ಬೋಧಿಸುವುದು ಬೇರೆ ಬೇರೆ ಎಂಬ, ಇಂದು ಕಾಲೇಜುಗಳಲ್ಲಿ ಒಪ್ಪಿತವಾಗಿರುವ ತಿಳಿವಳಿಕೆಯು ರೂಪುಗೊಳ್ಳುವಲ್ಲಿ ಅವರ 1870ರ ಉಪನ್ಯಾಸಗಳ ಪಾತ್ರ ದೊಡ್ಡದು. ಭಾರತದಲ್ಲಿರುವ ಜರ್ಮನ್ ಸಾಂಸ್ಕೃತಿಕ ಕೇಂದ್ರಗಳು, ಬೆಂಗಳೂರಿನ ಕೇಂದ್ರವೂ ಸೇರಿದಂತೆ, 'ಮ್ಯಾಕ್ಸ್ ಮುಲ್ಲರ್ ಭವನ' ಎಂದೇ ಹೆಸರಾಗಿವೆ.

ಪ್ರಮುಖ ಕೃತಿಗಳು

• ಹಿತೋಪದೇಶ – ಜರ್ಮನ್ ಅನುವಾದ (1844)
• ಸಾಯಣಭಾಷ್ಯ ಸಹಿತ ಋಗ್ವೇದ ಸಂಹಿತೆ – ಆರು ಸಂಪುಟಗಳು (1849–1874)
• ಪ್ರಾಚೀನ ಸಂಸ್ಕೃತ ಸಾಹಿತ್ಯದ ಇತಿಹಾಸ (1859)
• ಧರ್ಮವಿಜ್ಞಾನಕ್ಕೆ ಪ್ರವೇಶಿಕೆ (1873)
• ಸೇಕ್ರೆಡ್ ಬುಕ್ಸ್ ಆಫ್ ದಿ ಈಸ್ಟ್ – ಪ್ರಧಾನ ಸಂಪಾದಕತ್ವ, ಐವತ್ತು ಸಂಪುಟಗಳು (1879–1910)
• ಭಾರತವು ನಮಗೆ ಏನನ್ನು ಕಲಿಸಬಲ್ಲದು? (1883)
• ರಾಮಕೃಷ್ಣ: ಜೀವನ ಮತ್ತು ಉಪದೇಶಗಳು (1898)